ಕರ್ನಲ್ ಸಾಹೇಬರ ಡ್ರೈವರ್

೮ ಫೆಬ್ರವರಿ ೧೯೮೮, ಸೋಮವಾರ. ಸಾಗರ

ಬೆಂಗಳೂರಿನ ಟೈ ಇವತ್ತು ಬಂದು ಹೋದ. ಹೆಸರು ಹೇಳಿದ, ನಾನು ಕೇಳಿಸಿಕೊಳ್ಳಲಿಲ್ಲ. ಈ ಸೆಖೆಯಲ್ಲಿ ಕೊರಳಿಗೆ ಟೈ ಬಿಗಿದುಕೊಂಡು ಬಂದವನಿಗೆ ಬೇರೆ ಹೆಸರು ಬೇಕಿಲ್ಲ. ನಮ್ಮ ಸೊಸೈಟಿಯ ಕಂಪ್ಯೂಟರಿಗೆ ಕಂಪನಿಯಿಂದ ಹೊಸ ಪ್ರಿಂಟರ್ ತಂದಿದ್ದ, ಕನ್ನಡ ಅಕ್ಷರ ಹೊಡೆಯುವಂಥದು. ಹೊಸನಗರ, ತೀರ್ಥಹಳ್ಳಿ ಶಾಖೆಗಳಿಗೂ ಒಂದೊಂದು ಇಳಿಸಿ ಬಂದಿದ್ದಾನೆ. ಅದನ್ನು ನಡೆಸಲು ಒಂದು ಫ್ಲಾಪಿ ಮತ್ತು ಒಂದು ಹಾಳೆ. ಹಾಳೆಯಲ್ಲಿ ಎಂಟು ಇಂಗ್ಲಿಷ್ ಪದಗಳು, ಪ್ರತಿಯೊಂದರ ಮುಂದೆ ಒಂದು ಅಂಕಿ. ಏನು, ಏಕೆ, ಬದಲಿಸಿದರೆ ಏನಾಗುತ್ತದೆ ಎಂದು ಒಂದಕ್ಷರವಿಲ್ಲ. ಕೇಳಿದರೆ, “ಡೀಫಾಲ್ಟ್ ಹಾಗೇ ಬಿಟ್ಬಿಡಿ ಮೇಡಂ, ತಲೆ ಕೆಡಿಸ್ಕೋಬೇಡಿ” ಎಂದ. ಕೆಡಿಸಿಕೊಳ್ಳುವುದಕ್ಕೂ ತಲೆ ಇರಬೇಕಾಗುತ್ತದೆ, ಅದನ್ನು ಅವನಿಗೆ ಯಾರು ಹೇಳಬೇಕು.

ಅವನ ಜೀಪು ತಿರುವು ದಾಟುತ್ತಲೇ ಸೆಕ್ರೆಟರಿ ವೆಂಕಟ್ರಮಣ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. “ಸರೋಜಮ್ಮ, ನೀವು ಬಿ.ಎಸ್ಸಿ. ಮಾಡಿದವ್ರು, ಕಂಪ್ಯೂಟರ್ ಕಲ್ತು ಬಂದವ್ರು. ಇದನ್ನ ಕನ್ನಡದಲ್ಲಿ ಬರೆದುಕೊಡಿ. ಹೊಸನಗರದ ಕನ್ನಪ್ಪ ಅದನ್ನ ಓದ್ಕಂಡು ತಾನೇ ಮಾಡ್ಕಬೇಕು, ನಮಗೆ ಫೋನ್ ಮಾಡ್ಬಾರ್ದು. ಹಂಗಿರ್ಲಿ.” ಮಾರ್ಚ್ ಹದಿನೈದಕ್ಕೆ ಆಡಳಿತ ಮಂಡಳಿಯ ಸಭೆಯಂತೆ. ಅಷ್ಟರಲ್ಲಿ ಮೂರೂ ಕಡೆ ಪ್ರಿಂಟರ್ ಓಡದಿದ್ದರೆ ಯಂತ್ರಗಳನ್ನೆಲ್ಲ ವಾಪಸು ಕಳಿಸಿ ಮತ್ತೆ ಟೈಪ್‌ರೈಟರ್. ಅದರ ಜೊತೆಗೆ ನನ್ನ ಈ ಅರ್ಧ ದಿನದ ಕೆಲಸವೂ ಹೋಗುತ್ತದೆ. ಅದನ್ನು ಅವರು ಹೇಳಲಿಲ್ಲ. ನಕ್ಕರು.

ನಮ್ಮ ಮನೆ ಸೊಸೈಟಿಯ ಎದುರು ಓಣಿಯಲ್ಲೇ ಇದೆ. ಕೆಲಸದ ನಡುವೆ ರಸ್ತೆ ದಾಟಿ ಬಂದು ತೊಟ್ಟಿಲು ನೋಡಿ ಹೋಗುತ್ತೇನೆ. ಇವತ್ತು ಅತ್ತೆ, “ಆಫೀಸಿಗೆ ಹೋಗಿದ್ಯೋ, ಉಚ್ಚೆ ಹೊಯ್ಯಕ್ಕೆ ಹೋಗಿದ್ಯೋ” ಎಂದು ಕೇಳಿದರು. ಅವರ ತವರು ಮೇಗರವಳ್ಳಿಯ ಕಡೆ ಇದಕ್ಕೆ ಹಾಸ್ಯ ಎನ್ನುತ್ತಾರೆ.

ಪಾಪುವಿಗೆ ಎಂಟು ತಿಂಗಳು. ದಿನ ತುಂಬುವ ಮೊದಲೇ ಬಂದವನು. ಹುಟ್ಟಿದಾಗ ಅಳಲಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಚೀಟಿ ಬರೆಯುತ್ತಾ, ತಲೆಯನ್ನೂ ಎತ್ತದೆ, “ಉಸಿರಿನ ಕಡೆ ಒಂದು ಕಣ್ಣಿರಲಿ” ಎಂದರು. ಎಷ್ಟು ದಿನ ಎಂದು ಹೇಳಲಿಲ್ಲ. ದೊಡ್ಡ ಡಾಕ್ಟರಂತೆ. ಈಗಲೂ ಇವನು ಅಳುವ ಮಗುವಲ್ಲ. ಹಸಿದರೆ ಬೆರಳು ಚೀಪುತ್ತಾನೆ, ಒದ್ದೆಯಾದರೆ ಸುಮ್ಮನೆ ಮಲಗಿರುತ್ತಾನೆ. ಏನಾದರೂ ಆದರೆ ಕರೆಯುವವನಲ್ಲ. ಅದಕ್ಕೇ ನಾನು ನೋಡುತ್ತಿರುತ್ತೇನೆ. ಮೂಗಿನ ಕೆಳಗೆ ಬೆರಳಿಟ್ಟು, ಬೆಚ್ಚಗೆ ತಾಗಿದರೆ ವಾಪಸು ಬಂದು ಮಲಗುತ್ತೇನೆ. ನಿದ್ದೆ ಎನ್ನುವುದು ಬೇರೆಯವರ ಮನೆಯ ವಿಷಯ.

೧೧ ಫೆಬ್ರವರಿ, ಗುರುವಾರ

ಮೊದಲ ಪುಟ ಬರೆದೆ.

“ಕಂಪ್ಯೂಟರಿನೊಳಗೆ ಎಲ್ಲಕ್ಕಿಂತ ಮೊದಲು ಎದ್ದು, ಎಲ್ಲಕ್ಕೂ ಕೆಲಸ ಹಂಚುವ ಪ್ರೋಗ್ರಾಮಿಗೆ ಕರ್ನಲ್ ಎಂದು ಹೆಸರು. ಕರ್ನಲ್ಲಿಗೂ ಪ್ರಿಂಟರಿಗೂ ನಡುವೆ ಮಾತು ನಡೆಸಿಕೊಡುವ ಸಣ್ಣ ಭಾಗಕ್ಕೆ ಡ್ರೈವರ್ ಎಂದು ಹೆಸರು. ಯಾವ ದಾರಿಯಲ್ಲಿ, ಯಾವ ವೇಗದಲ್ಲಿ, ಯಾರು ಯಾರನ್ನು ಕರೆಯಬೇಕು ಎಂದು ಆ ಮಾತಿಗೆ ಹಾಕುವ ಕಟ್ಟಳೆಗಳೇ ಸೆಟ್ಟಿಂಗ್‌ಗಳು. ಒಂದನ್ನು ಬದಲಿಸಿದರೂ ಕರ್ನಲ್ಲನ್ನು ಹೊಸದಾಗಿ ಕಟ್ಟಿ, ಯಂತ್ರವನ್ನು ಆರಿಸಿ ಮತ್ತೆ ಎಬ್ಬಿಸಬೇಕು.”

ಸೆಕ್ರೆಟರಿ ಕನ್ನಡಕ ಏರಿಸಿ ಓದಿದರು. “ಕರ್ನಲ್ಲು ಅಂದ್ರೆ ಎಂತದು, ಮಿಲಿಟರಿದಾ?”

ಮನೆಯಲ್ಲಿ ಅತ್ತೆ ಏನು ಬರೀತೀಯೆ ಎಂದು ಕೇಳಿದರು. ಕರ್ನಲ್ಲಿನ ಡ್ರೈವರ್ ಬಗ್ಗೆ ಎಂದೆ. ತಪ್ಪು ನನ್ನದೇ. ಸಂಜೆಯೊಳಗೆ ಪಕ್ಕದ ಮನೆಯ ರಂಗಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನಿಂತರು.

“ಸೊಸೈಟಿಗೆ ಕರ್ನಲ್ ಸಾಹೇಬ್ರು ಬರ್ತಾರಂತೆ, ಅವ್ರಿಗೆ ಡ್ರೈವರ್ ಬೇಕಂತೆ. ನಮ್ಮ ಹೂವಯ್ಯ ಇದ್ದಾನಲ್ಲಮ್ಮ, ನನ್ನ ತಮ್ಮ, ಹೊಸನಗರದ ಬಸ್ಸು ಹೊಡಿಯೋನು. ಅವನ ಹೆಸ್ರು ಒಂಚೂರು ಸೇರ್ಸು.”

“ಇದು ಆ ಥರದ ಡ್ರೈವರ್ ಅಲ್ಲ ರಂಗಮ್ಮನೋರೆ. ಇದು ಮನುಷ್ಯನೇ ಅಲ್ಲ.”

“ಹಂಗನ್ಬೇಡ ಕಣಮ್ಮ. ಡ್ರೈವರ್ರೂ ಮನುಷ್ಯರೇ.”

ಅತ್ತೆ ಆಕೆಗೆ ಕಾಫಿ ಕೊಟ್ಟರು. ಮಿಕ್ಕ ಹಾಲು ಖರ್ಚಾಗಬೇಕಲ್ಲ. ಮಂಜಯ್ಯ ದಿನವೂ ಒಂದು ಪಾವು ಹಾಲು ಹೆಚ್ಚು ಹಾಕಿ ಹೋಗುತ್ತಾನೆ, ಬಾಣಂತನದಲ್ಲಿ ವರ್ತನೆಗೆ, ಎಂದರೆ ದಿನದಿನದ ಖಾಯಂ ಲೆಕ್ಕಕ್ಕೆ, ಹೇಳಿದ್ದು. ಈಗ ಬೇಕಿಲ್ಲ. ಯಾರೂ ಬೇಡ ಎನ್ನಲಿಲ್ಲ, ಅವನು ನಿಲ್ಲಿಸಲಿಲ್ಲ. ಹಾಲು ಒಡೆಯುತ್ತದೆ, ಅತ್ತೆ ಗೊಣಗುತ್ತಾರೆ, ಮರುದಿನ ಮತ್ತೆ ಪಾತ್ರೆ ಹಿಡಿಯುತ್ತಾರೆ. ಇಂಥ ಬುದ್ಧಿವಂತರ ನಡುವೆ ನನ್ನ ಬಾಳು.

೧೫ ಫೆಬ್ರವರಿ, ಸೋಮವಾರ

ಪ್ರಿಂಟರ್ ಓಡತೊಡಗಿತೆಂದರೆ ಕಂಪ್ಯೂಟರ್ ಸತ್ತಂತೆಯೇ. ಒಂದಕ್ಷರ ಒತ್ತಿದರೆ ಅದು ಪರದೆಗೆ ಬರುವುದರೊಳಗೆ ಬಸ್‌ಸ್ಟ್ಯಾಂಡಿಗೆ ಹೋಗಿ ಬರಬಹುದು. ಯಂತ್ರವೇ ಹಾಗೆ ಎಂದು ಎಲ್ಲರೂ ಒಪ್ಪಿಕೊಂಡು ಕೂತಿದ್ದರು. ಇವತ್ತು ಒಂದೊಂದೇ ಅಂಕಿ ಬದಲಿಸಿ ನೋಡುವಾಗ ಕಾರಣ ಸಿಕ್ಕಿತು.

ನಾಲ್ಕನೆಯ ಸೆಟ್ಟಿಂಗ್. ಟೈ ಬಿಟ್ಟುಹೋದದ್ದು ಸೊನ್ನೆ. ಸೊನ್ನೆ ಇದ್ದರೆ ಕರ್ನಲ್ ಬೇರೆಲ್ಲ ಕೆಲಸ ಬಿಟ್ಟು ಪ್ರಿಂಟರನ್ನು ಕೇಳುತ್ತಲೇ ಇರುತ್ತದೆ. ಆಯ್ತಾ, ಆಯ್ತಾ, ಇನ್ನೂ ಇಲ್ವಾ, ಆಯ್ತಾ. ಒಂದು ಸಾಲು ಹೊಡೆಯುವುದರೊಳಗೆ ಸಾವಿರ ಸಲ ಕೇಳುತ್ತದೆ. ಅಲ್ಲಿ ‘ಒಂದು’ ಎಂದು ಹಾಕಿದರೆ ಕೇಳುವುದನ್ನು ಬಿಟ್ಟು ತನ್ನ ಕೆಲಸ ನೋಡಿಕೊಳ್ಳುತ್ತದೆ. ಪ್ರಿಂಟರಿಗೆ ಏನಾದರೂ ಬೇಕಾದಾಗ ಪ್ರಿಂಟರೇ ಕರೆಯುತ್ತದೆ. ಆದರೆ ಅಂಕಿ ಬದಲಿಸಿದರೆ ಸಾಲದು. ಪ್ರಿಂಟರಿನ ತಂತಿ ಹೋಗಿ ಸೇರುವ ಕಾರ್ಡಿನಲ್ಲಿ ಎರಡು ಸೂಜಿಗಳಿವೆ, ಅವೆರಡಕ್ಕೂ ಸೇರಿಸಿ ಹಾಕುವ ಒಂದು ಕೊಂಡಿ ಇದೆ, ಅಲಸಂದೆ ಕಾಳಿನಷ್ಟು. ಅದು ಇಲ್ಲದಿದ್ದರೆ ಪ್ರಿಂಟರ್ ಎಷ್ಟು ಕರೆದರೂ ಕರ್ನಲ್ಲಿಗೆ ಕೇಳಿಸುವುದಿಲ್ಲ. ಟೈ ಅದನ್ನು ಹಾಕಿಯೇ ಇರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಬಿದ್ದಿತ್ತು.

ಹಾಕಿದೆ. ಪ್ರಿಂಟರ್ ಓಡುತ್ತಲೇ ಇತ್ತು, ನಾನು ಈ ಕಡೆ ಟೈಪ್ ಮಾಡುತ್ತಲೇ ಇದ್ದೆ. ಸೆಕ್ರೆಟರಿ ಬಂದು ನೋಡಿ, “ಕರೆಂಟು ಚಲೋ ಇದ್ದು ಇವತ್ತು” ಎಂದರು.

ಪುಸ್ತಕಕ್ಕೆ ಹೀಗೆ ಬರೆದೆ: “ಸೊನ್ನೆ ಎಂದರೆ ಕರ್ನಲ್ ಪ್ರಿಂಟರನ್ನು ನಂಬುವುದಿಲ್ಲ ಎಂದರ್ಥ. ಒಂದು ಎಂದರೆ ನಂಬುತ್ತದೆ. ಕೊಂಡಿ ಹಾಕದೆ ನಂಬಬಾರದು. ಕೊಂಡಿ ಹಾಕಿದ ಮೇಲೆ ನಂಬದೆ ಇರಬಾರದು.” ಇಂಥ ದಡ್ಡತನವನ್ನು ನಾನು ಎಲ್ಲೂ ನೋಡಿಲ್ಲ. ಆಗಿದ್ದರೆ ಆಗಿರುತ್ತದೆ, ಇಲ್ಲದಿದ್ದರೆ ಇಲ್ಲ. ಕೇಳಿ ಕೇಳಿ ತಾನೂ ಕೆಲಸ ಮಾಡದೆ, ಬೇರೆಯವರಿಗೂ ಮಾಡಲು ಬಿಡದೆ. ಆ ಸೊನ್ನೆಯನ್ನು ಹಾಕಿದವನಿಗೆ ಮನೆಮಠ ಇಲ್ಲವೆಂದು ಕಾಣುತ್ತದೆ.

ಮೇಲಿನ ಸಾಲಿನ ನಡುವೆ ಎದ್ದು ಹೋಗಿ ನೋಡಿ ಬಂದೆ. ಬೆಚ್ಚಗಿದೆ.

ಇನ್ನೊಮ್ಮೆ ನೋಡಿ ಬಂದೆ.

೧೮ ಫೆಬ್ರವರಿ, ಗುರುವಾರ

ಪಾಪುವಿಗೆ ನೀರು ಹಾಕುವಾಗ ನಾನು ತೂಕಡಿಸಿದೆನಂತೆ. ಕಾಲ ಮೇಲೆ ಮಲಗಿಸಿಕೊಂಡಿದ್ದವನು ಜಾರಿದನಂತೆ, ಅತ್ತೆ ರಟ್ಟೆ ಹಿಡಿದರಂತೆ. ಅಂತೆ, ಅಂತೆ. ನನ್ನ ಕಣ್ಣು ಮುಚ್ಚಿದ್ದು ಸೀಗೆಪುಡಿಯ ಉರಿಗೆ. ಒಂದು ಗಳಿಗೆ.

ಅತ್ತೆ ಮಗನಿಗೆ ಹೇಳಿದರು. ಇವರು ಸರ್ವೆ ಆಫೀಸಿನವರು, ಊರಿನವರ ಗಡಿಕಲ್ಲುಗಳನ್ನೆಲ್ಲ ಹುಡುಕಿ ತೆಗೆಯುತ್ತಾರೆ. ತಮ್ಮ ಮಗನ ಬಟ್ಟೆ ಯಾವ ಗೂಟದಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ. ಅವರು ಸರಪಳಿ ಕೆಳಗಿಟ್ಟು, ಬಹಳ ಮೆತ್ತಗೆ ಹೇಳಿದರು.

“ನೋಡು ಸರೋಜ, ನೀನು ಮಲಗಿ ಎಷ್ಟು ತಿಂಗ್ಳಾಯ್ತೋ ನಂಗೆ ಗೊತ್ತಿಲ್ಲ. ನಿಮ್ಮ ಸಭೆ ಇರೋ ಹದಿನೈದನೇ ತಾರೀಖಿನವರೆಗೆ ನೋಡ್ತೀನಿ. ಹಿಂಗೇ ಆದ್ರೆ ಆ ಪುಸ್ತಕ, ಆ ಆಫೀಸು ಎಲ್ಲ ಬಿಟ್ಟು ಅರಳಸುರಳಿಗೆ ಹೋಗಿರು. ನಿಮ್ಮಮ್ಮ ನೋಡ್ಕತಾರೆ.”

“ಆಫೀಸು ಎಂತ ಮಾಡ್ತು?”

“ಆಫೀಸು ಎಂತ ಮಾಡ್ಲಿಲ್ಲ. ಮಗು ಕೈ ಜಾರ್ತು.”

ಆ ಅರ್ಧ ದಿನವಷ್ಟೇ ನಾನು ಪೂರಾ ಎಚ್ಚರವಾಗಿರುವುದು ಎಂದು ಇವರಿಗೆ ಹೇಳಿದರೆ ಅದನ್ನೂ ಅಳತೆ ಮಾಡಲು ಹೊರಡುತ್ತಾರೆ. ಅದನ್ನು ಬಿಟ್ಟು ಅಮ್ಮನ ಮನೆಯ ಕತ್ತಲೆ ಕೋಣೆಯಲ್ಲಿ ಕೂತು, ಬೆರಳಿಡುವುದೊಂದೇ ಕೆಲಸವಾದರೆ ನನಗೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ.

ಅತ್ತೆ ತೊಟ್ಟಿಲನ್ನು ತಮ್ಮ ಕೋಣೆಯಲ್ಲಿಡು ಎಂದರು. ಆಗುವುದಿಲ್ಲ ಎಂದೆ. ಅವನು ಅಳುವುದಿಲ್ಲ, ನಿಮಗೆ ಗೊತ್ತಾಗುವುದಿಲ್ಲ ಎಂದೆ.

“ಅಳಕ್ಕೆ ನೀನು ಬಿಟ್ರೆ ತಾನೇ ಮಾರಾಯ್ತಿ” ಎಂದರು. “ಅವನು ಬಾಯಿ ತೆಗಿಯೋದ್ರೊಳಗೆ ನೀನು ಹೋಗಿ ನಿಂತಿರ್ತೀಯ.”

ಎರಡನೆಯ ಕ್ಲಾಸಿನವರೆಗೆ ಓದಿದವರು ಮಕ್ಕಳ ಡಾಕ್ಟರೂ ಆಗಿದ್ದಾರೆ.

೨೪ ಫೆಬ್ರವರಿ, ಬುಧವಾರ

ಇವತ್ತು ಬರೆಯುವುದೆಲ್ಲ ಸಿಟ್ಟಿನಲ್ಲಿ.

ಪುಸ್ತಕ ಮುಗಿದಿತ್ತು. ನಿನ್ನೆ ಟೈಪಿಸ್ಟಿಗೆ ಕೊಡುವ ಮೊದಲು ಸೆಕ್ರೆಟರಿ ಒಮ್ಮೆ ಕಣ್ಣಾಡಿಸುತ್ತೇನೆ ಎಂದಿದ್ದರು. ಅವರು ಓದುವಾಗ ಎದುರಿಗೆ ಕೂತಿರಬೇಕಿತ್ತು. ಪಾಪುವನ್ನು ನೋಡಿ ಬರಲು ಮನೆಗೆ ಹೋದವಳು ಅಲ್ಲೇ ಉಳಿದೆ. ಬೆಳಿಗ್ಗೆ ಬರುವುದರೊಳಗೆ ಸ್ಟೆನ್ಸಿಲ್ ಕೊರೆದು ಪ್ರತಿ ತೆಗೆದು, ಹೊಸನಗರಕ್ಕೂ ತೀರ್ಥಹಳ್ಳಿಗೂ ಬಸ್ಸಿನಲ್ಲಿ ಕಳಿಸಿಯಾಗಿತ್ತು. ನನ್ನ ಪ್ರತಿ ಇವತ್ತು ಕೈಗೆ ಬಂತು.

ನಾನು ಬರೆದದ್ದು: “ಈ ಸೆಟ್ಟಿಂಗಿನ ಡೀಫಾಲ್ಟ್ ಬೆಲೆ ಸೊನ್ನೆ.” ಅಚ್ಚಾಗಿದ್ದು: “ಈ ಸೆಟ್ಟಿಂಗಿನ ಸುಸ್ತಿ ಬೆಲೆ ಸೊನ್ನೆ.” ಎಂಟು ಕಡೆ ಸುಸ್ತಿ.

“ಸರ್, ಇದು ಯಾರು ಮಾಡಿದ್ದು?”

“ನಾನೇ. ಡೀಫಾಲ್ಟ್ ಅಂದ್ರೆ ಇಂಗ್ಲಿಷಾತು. ಡೀಫಾಲ್ಟರ್ ಅಂದ್ರೆ ಸುಸ್ತಿದಾರ. ಇಪ್ಪತ್ತೆರಡು ವರ್ಷದಿಂದ ನಾನು ನೋಟೀಸು ಬರೀತಾ ಇದ್ದಿ, ನಂಗೆ ಇಷ್ಟು ಗೊತ್ತಿಲ್ಯಾ?”

“ಅದು ಸಾಲ ಕಟ್ಟದೆ ಇರೋ ಡೀಫಾಲ್ಟ್ ಸರ್. ಇದು ಬೇರೆ. ಯಾರೂ ಮುಟ್ಟದಿದ್ರೆ ತಾನಾಗಿ ಇರೋದು.”

“ಸುಸ್ತಿನೂ ಹಂಗೇಯ. ಯಾರೂ ಮುಟ್ಟದಿದ್ರೆ ತಾನಾಗಿ ಇರ್ತು.”

ಟೈಪಿಸ್ಟ್ ಮುಖ ತಿರುಗಿಸಿಕೊಂಡು ನಕ್ಕಳು. ಯಾರನ್ನು ನೋಡಿ ನಕ್ಕಳೋ.

ಹಾಗಾದರೆ ಒಂದು ಒಳ್ಳೆಯ ಕನ್ನಡ ಪದ ನೀವೇ ಕೊಡಿ ಎಂದರು ಸೆಕ್ರೆಟರಿ. ನನಗೆ ಹೊಳೆಯಲಿಲ್ಲ. ಸುಸ್ತಿ, ಸುಸ್ತು, ಸುಸ್ತಿ. ಪುಟದ ತುಂಬ ನನ್ನನ್ನೇ ಯಾರೋ ಕೂಗಿ ಅಣಕಿಸಿದಂತೆ ಕಂಡಿತು.

೨೭ ಫೆಬ್ರವರಿ, ಶನಿವಾರ

ಬೆಳಿಗ್ಗೆ ಹೊಸನಗರದಿಂದ ಕನ್ನಪ್ಪನ ಫೋನು.

“ಮೇಡಂ, ಯಂತ್ರ ಏಳ್ತಾ ಇಲ್ಲ.”

“ಎಂಟೂ ಸೆಟ್ಟಿಂಗ್ ಹಾಕಿದ್ರಾ?”

“ಒಂದೂ ಹಾಕಿಲ್ಲ ಮೇಡಂ. ಖಾಲಿ ಬಿಟ್ಟಿದೀನಿ. ಸುಸ್ತಿ ಬೆಲೆ ಅಂದ್ರೆ ಸುಸ್ತಿ ಇದ್ದ ಬ್ರಾಂಚಿನವ್ರು ಹಾಕ್ಬೇಕು ಅಂತ ಅಲ್ವಾ. ನಮ್ಮಲ್ಲಿ ಸುಸ್ತಿನೇ ಇಲ್ಲ. ಹೋದ್ವರ್ಷ ಶೀಲ್ಡು ಕೊಟ್ಟಿದಾರೆ, ಬೇಕಾದ್ರೆ ಸೆಕ್ರೆಟರಿಗಳನ್ನ ಕೇಳಿ.”

ಫೋನಿನಲ್ಲೂ ಅವನು ಎದೆ ಉಬ್ಬಿಸಿದ್ದು ಗೊತ್ತಾಯಿತು.

ಮಧ್ಯಾಹ್ನ ತೀರ್ಥಹಳ್ಳಿಯ ಗೋಪಾಲಪ್ಪ. ಅಲ್ಲಿ ಸುಸ್ತಿಗೆ ಬರವಿಲ್ಲ. ಆತ ಶಾಖೆಯ ಒಟ್ಟು ಸುಸ್ತಿಯನ್ನು ಪೈಸೆ ಬಿಡದೆ ಕೂಡಿ, ಪ್ರಿಂಟರಿಗೆ ಎಷ್ಟು ಜಾಗ ಮೀಸಲಿಡಬೇಕು ಎಂಬ ಎರಡನೆಯ ಸೆಟ್ಟಿಂಗಿನಲ್ಲಿ ತುಂಬಿದ್ದಾನೆ. ಕರ್ನಲ್ ಅಷ್ಟು ಜಾಗ ಎಲ್ಲಿಂದ ತರುತ್ತದೆ. ಬಾಯಿ ತೆರೆದು ಮಲಗಿತು. “ಮೊತ್ತ ತಪ್ಪಾಗಿದ್ರೆ ಹೇಳಿ, ಮತ್ತೊಮ್ಮೆ ಕೂಡ್ತೀನಿ” ಎಂದ.

ಎರಡು ಶಾಖೆ, ಎರಡು ಹೆಣ. ಸೆಕ್ರೆಟರಿ ಒಂದಿಷ್ಟೂ ನಾಚದೆ, “ನೀವೇ ಹೋಗಿ ಸರಿಮಾಡಿ ಬನ್ನಿ ಸರೋಜಮ್ಮ, ಮಂಗಳವಾರ ಹೊಸನಗರ. ಪುಸ್ತಕ ಬರೆದವ್ರು ನೀವೇ ಅಲ್ದಾ” ಎಂದರು.

ಬೆಳಿಗ್ಗೆ ಹೋದರೆ ಸಂಜೆ. ಹಗಲಿಡೀ. ಪಾಪುವನ್ನು ಬಿಟ್ಟು ಅಷ್ಟು ಹೊತ್ತು ನಾನು ಇದ್ದೇ ಇಲ್ಲ. ಆಗುವುದಿಲ್ಲ ಎಂದು ಹೇಳಿ ಬಂದೆ. ಮನೆಯಲ್ಲಿ ಇವರು, “ಒಳ್ಳೇದಾಯ್ತು, ಹಾಗಾದ್ರೆ ಹದಿನೈದರವರೆಗೆ ಕಾಯೋದೂ ಬೇಡ” ಎಂದರು. ಖುಷಿಯಿಂದ ಹೇಳಲಿಲ್ಲ, ಅದನ್ನಾದರೂ ಒಪ್ಪಬೇಕು.

೨೯ ಫೆಬ್ರವರಿ, ಸೋಮವಾರ

ಹೋಗುತ್ತೇನೆ ಎಂದೆ. ಯಾವಾಗ ಹಾಗೆಂದೆನೋ ತಿಳಿಯದು. ಸೆಕ್ರೆಟರಿ ಹೊಸನಗರಕ್ಕೆ ಟೈನನ್ನೇ ಕರೆಸುತ್ತೇನೆ ಎಂದಾಗ ಇರಬೇಕು. ಅವನು ಬಂದು ಮತ್ತೆ ಸೊನ್ನೆ ಹಾಕಿ ಹೋಗುವುದನ್ನು ನೆನೆದು ಮೈ ಉರಿಯಿತು.

ಅತ್ತೆಗೆ ಹಾಲು, ಗಂಜಿ, ಮಲಗಿಸುವುದು, ಎಷ್ಟು ಹೊತ್ತಿಗೊಮ್ಮೆ ಮೂಗಿನ ಹತ್ತಿರ ನೋಡಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಕಾಗದ ಮಡಿಸಿ ಒಲೆಯ ಪಕ್ಕದ ಗೂಡಿನಲ್ಲಿ ಬೆಂಕಿಪೊಟ್ಟಣದ ಕೆಳಗೆ ಇಟ್ಟರು.

“ಓದಲ್ವಾ ಅತ್ತೆ?”

“ಓದೋದು ನಿನ್ನ ಕೆಲ್ಸ ಕಣೆ. ನಂಗೆ ಕಿವಿ ಇದೆ.”

೧ ಮಾರ್ಚ್, ಮಂಗಳವಾರ

ರಂಗಮ್ಮನ ತಮ್ಮ ಹೂವಯ್ಯನದೇ ಬಸ್ಸು. ನನ್ನನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ಮುಂದೆ, ಇಂಜಿನ್ನಿನ ಪಕ್ಕ ಕೂರಿಸಿದ. ತಿರುವುಗಳಲ್ಲಿ ಮದುಮಗಳನ್ನು ಕರೆದೊಯ್ಯುವವನಂತೆ ಬಸ್ಸು ನಡೆಸಿದ. ಬೇರೆ ದಿನ ಇವನ ಬಸ್ಸಿನಲ್ಲಿ ಜನ ಸೀಟಿನ ಕಂಬಿ ಹಿಡಿದು ದೇವರ ಹೆಸರು ಹೇಳುತ್ತಾರೆ.

“ಕರ್ನಲ್ ಸಾಹೇಬ್ರು ಯಾವಾಗ ಬರ್ತಾರೆ ಮೇಡಂ?”

“ಅವರು ಬಂದು ತಿಂಗಳಾಯ್ತು.”

“ಗಾಡಿ ಯಾವುದಂತೆ?”

“ಗಾ​ಡಿ ಇಲ್ಲ. ಕೂತಲ್ಲೇ ಕೂತಿರ್ತಾರೆ. ಸುಮ್ನೆ ಎಲ್ಲರನ್ನೂ ಆಯ್ತಾ ಆಯ್ತಾ ಅಂತ ಕೇಳ್ತಿರ್ತಾರೆ.”

“ದೊಡ್ಡೋರೆಲ್ಲ ಹಂಗೇ ಮೇಡಂ” ಎಂದು ಹೂವಯ್ಯ ಗೇರು ಬದಲಿಸಿದ.

ಹೊಸನಗರದಲ್ಲಿ ಕನ್ನಪ್ಪ ಶೀಲ್ಡನ್ನು ಕಂಪ್ಯೂಟರಿನ ತಲೆಯ ಮೇಲಿಟ್ಟಿದ್ದ. ಮೊದಲು ಅದನ್ನು ಇಳಿಸಿದೆ. ಸಾಗರದಿಂದ ತಂದ ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿದೆ. ಬಸ್ಸಿನಿಂದ ಇಳಿದ ಕೂಡಲೇ ಸಾಗರಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿಸಿದ್ದೆ, ಸೊಸೈಟಿಯ ಜವಾನ ಓಣಿ ದಾಟಿ ಪಾಪುವನ್ನು ನೋಡಿ ಬಂದು ಹೇಳಬೇಕೆಂದು. ಲೈನು ಸಿಕ್ಕಾಗ ಕರೆಯುತ್ತೇವೆ ಎಂದರು.

“ಈಗ ಹೇಳಿ ಮೇಡಂ” ಎಂದ ಕನ್ನಪ್ಪ, “ನಮ್ಮಲ್ಲಿ ಇಲ್ದಿರೋ ಸುಸ್ತಿನ ನಾನ್ಯಾಕೆ ಬರ್ಕಳ್ಲಿ?”

“ಇದು ಆ ಸುಸ್ತಿ ಅಲ್ಲ. ನಿಮ್ಮನೇಲಿ ಹಾಲು ಯಾರು ಹಾಕ್ತಾರೆ?”

“ಎಮ್ಮೆ ಇದೆ ಮೇಡಂ. ನಾವೇ ಬೇರೆಯವ್ರಿಗೆ ಹಾಕ್ತೀವಿ. ಬಸ್‌ಸ್ಟ್ಯಾಂಡ್ ಹೋಟ್ಲಿಗೆ, ಮೇಷ್ಟ್ರ ಮನೆಗೆ, ಎಲ್ಲ ವರ್ತನೆ.”

“ಒಂದು ಸಲ ವರ್ತನೆ ಅಂತ ಹೇಳಿದ್ಮೇಲೆ ದಿನಾ ಬೆಳಿಗ್ಗೆ ಹೋಗಿ ಬೇಕಾ ಅಂತ ಕೇಳ್ತೀರಾ?”

“ಎಂತಕ್ಕೆ ಕೇಳೋದು? ಬೇಡ ಅನ್ನೋವರೆಗೂ ಹಾಕ್ತಾ ಹೋಗೋದು.”

“ಬೇಡ ಅಂತ ಅವರು ಹೇಳೋದೇ ಮರೆತ್ರೆ?”

“ಹಾಕ್ತಾ ಹೋಗೋದು. ನಮಗೇನು.”

“ಇದೂ ಅಷ್ಟೇ. ಯಾರೋ ಒಂದು ಸಲ ಹೇಳಿ ಹೋಗಿರ್ತಾರೆ. ಆಗ ಅದು ಬೇಕಿತ್ತು. ಆಮೇಲೆ ಯಾರೂ ಬೇಡ ಅಂದಿರಲ್ಲ, ಅದು ನಡೀತಾನೇ ಇರುತ್ತೆ. ವರ್ತನೆ ಬೆಲೆ.”

ಹೇಳಿದ ಮೇಲೆ ನನಗೇ ಕೇಳಿಸಿತು. ಎಂಟು ಕಡೆಯೂ ಕೂತುಕೊಳ್ಳುವ ಪದ. ಕನ್ನಪ್ಪ ಪೆನ್ನು ತೆಗೆದು ಸುಸ್ತಿಯನ್ನೆಲ್ಲ ಹೊಡೆದುಹಾಕುತ್ತಾ ಬಂದ. ತನ್ನ ಶಾಖೆಯ ಮಾನ ಉಳಿಯಿತೆಂಬ ಖುಷಿ ಅವನಿಗೆ. ಮೂರನೆಯದು ವರ್ತನೆ, ಇರಲಿ ಎಂದ. ನಾಲ್ಕನೆಯದರಲ್ಲಿ ನಿಂತ.

“ಇದೂ ಇರ್ಲಾ?”

“ಇದಕ್ಕೆ ಬೇಡ ಅನ್ಬೇಕು.”

‘ಒಂದು’ ಹಾಕಿದ. ಕೊಂಡಿ ಹಾಕಲು ಕೊಟ್ಟರೆ ಎರಡು ಸಲ ಕೆಳಗೆ ಬೀಳಿಸಿ, ಮೇಜಿನಡಿ ತೆವಳಿ ಹುಡುಕಿ, ಕೊನೆಗೆ ಹಾಕಿದ. ಕರ್ನಲ್ ಕಟ್ಟುವುದನ್ನು ನನ್ನ ಪುಟ ನೋಡಿಕೊಂಡು ಅವನೇ ಮಾಡಿದ. ನಾನು ಕೈ ಕಟ್ಟಿ ಕೂತೆ. ಅವನು ನಡುನಡುವೆ ತಿರುಗಿ, “ಸರಿಯಾ ಮೇಡಂ” ಎಂದು ಕೇಳಿದ. ಪುಸ್ತಕ ನೋಡಿ ಎಂದೆ. ಪ್ರಿಂಟರ್ ಕಿರುಚಿಕೊಂಡು ಓಡಿತು. ಅದು ಓಡುತ್ತಿರುವಾಗಲೇ ಕನ್ನಪ್ಪ ಪರದೆಯ ಮೇಲೆ ತನ್ನ ಹೆಸರು ಒತ್ತಿದ. ತಕ್ಷಣ ಬಂತು. ಮತ್ತೆ ಒತ್ತಿದ. “ಹೋಯ್, ಬಂತು” ಎಂದು ಹೊರಗಿದ್ದವರನ್ನೆಲ್ಲ ಕರೆದು ಕೂರಿಸಿ, ತನ್ನ ಹೆಸರನ್ನೇ ಮತ್ತೆ ಮತ್ತೆ ತೋರಿಸಿದ.

ಆಗಲೇ ಟ್ರಂಕ್ ಕಾಲ್ ಸಿಕ್ಕಿತು. ಸೆಕ್ರೆಟರಿಗೆ ಸುಸ್ತಿ ತೆಗೆದು ವರ್ತನೆ ಹಾಕಿಸಿ, ಹೊಸ ಸ್ಟೆನ್ಸಿಲ್ ಕೊರೆಸಿ, ತೀರ್ಥಹಳ್ಳಿಯ ಗೋಪಾಲಪ್ಪನಿಗೆ ನಾನು ಬರುವವರೆಗೆ ಏನನ್ನೂ ಕೂಡಬೇಡಿ ಎಂದು ಹೇಳಿ ಎಂದೆ. ಅವರು “ವರ್ತನೆ, ವರ್ತನೆ” ಎಂದು ನಾಲಿಗೆಯ ಮೇಲಿಟ್ಟು ನೋಡಿದರು. “ಅಡ್ಡಿಲ್ಲೆ” ಎಂದರು. ಮೂರು ನಿಮಿಷ ಮುಗಿದು ಲೈನು ಹೋಯಿತು.

ಬಸ್ಸು ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು, ಪಾಪುವಿನ ವಿಷಯ ಕೇಳಲೇ ಇಲ್ಲ ಎಂದು. ಜೋರಾಗಿ ಹೊಡಿ ಎಂದು ಹೂವಯ್ಯನಿಗೆ ಹೇಳಿದೆ. “ಕರ್ನಲ್ ಸಾಹೇಬ್ರ ಕಡೆಯವ್ರು ಕೂತಾಗ ಹಂಗೆಲ್ಲ ಹೊಡಿಯಲ್ಲ ಮೇಡಂ” ಎಂದು ಇನ್ನೂ ನಿಧಾನ ಮಾಡಿದ. ಬಾಳಿನಲ್ಲಿ ಇವತ್ತೊಂದು ದಿನ ಸಂಭಾವಿತನಾಗಲು ಹೊರಟಿದ್ದ.

ಸಾಗರದಲ್ಲಿ ಇಳಿದು ಓಡಿಯೇ ಬಂದೆ. ಓಣಿಯ ಬಾಯಿಗೆ ಬರುವಾಗ ಒಂದು ಮಗು ಅರಚುವುದು ಕೇಳಿಸಿತು. ಯಾರ ಮನೆಯದಪ್ಪಾ ಇದು, ಯಾರೂ ಎತ್ತಿಕೊಳ್ಳುವವರಿಲ್ಲವೇ ಎಂದುಕೊಂಡೆ. ನಮ್ಮ ಮನೆಯದು.

ಅತ್ತೆ ಹಾಲಿನ ಲೋಟ ಆರಿಸುತ್ತಾ ಆತುರವಿಲ್ಲದೆ ಬರುತ್ತಿದ್ದರು. ತೊಟ್ಟಿಲಲ್ಲಿ ಮುಖ ಕೆಂಪು ಮಾಡಿಕೊಂಡು, ಮುಷ್ಟಿ ಬಿಗಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ.

“ಏನಾಯ್ತು ಅತ್ತೆ?”

“ಎಂತ ಆಗ್ಬೇಕು? ಎದ್ದ, ಹಸಿವು. ಮಧ್ಯಾಹ್ನನೂ ಹಿಂಗೇ ಕೂಗ್ದ. ನಿಂಗೆಲ್ಲಿವರೆಗೆ ಕೇಳಿಸ್ತು?”

“ಓಣಿ ಬಾಯಿವರೆಗೆ.”

“ಮತ್ತೆ?” ಎಂದು ಲೋಟವನ್ನು ನನ್ನ ಕೈಗೆ ಕೊಟ್ಟು ದೀಪ ಹಚ್ಚಲು ಹೋದರು.

ಎಂಥ ಗಂಟಲು. ಅಪ್ಪನ ಕಡೆಯದು, ನಮ್ಮ ಮನೆಯಲ್ಲಿ ಯಾರೂ ಹೀಗೆ ಕೂಗುವವರಿಲ್ಲ.

೫ ಮಾರ್ಚ್, ಶನಿವಾರ

ಹೊಸ ಪ್ರತಿಗಳು ಬಂದವು. ವರ್ತನೆ ಎಂಟು ಕಡೆಯೂ ಸರಿಯಾಗಿದೆ. ಸೆಕ್ರೆಟರಿ ಮುನ್ನುಡಿ ಸೇರಿಸಿದ್ದಾರೆ: “ಕನ್ನಡದಲ್ಲಿ ಸೂಕ್ತ ಪದಗಳನ್ನು ನಮ್ಮ ಸಂಘವೇ ಹುಡುಕಿಕೊಂಡಿದೆ.” ಸಂಘವಂತೆ. ಸಂಘಕ್ಕೆ ಎಮ್ಮೆ ಇದೆಯೇ.

ಇವರು ಬೆಳಿಗ್ಗೆ ಚಹಾ ಕುಡಿಯುತ್ತಾ, “ರಾತ್ರಿ ಗೊರಕೆ ಹೊಡೀತಿದ್ದೆ” ಎಂದರು. ನಾನು ಗೊರಕೆ ಹೊಡೆಯುವುದಿಲ್ಲ.

೯ ಮಾರ್ಚ್, ಬುಧವಾರ

ಮಂಜಯ್ಯನಿಗೆ ಹೆಚ್ಚಿನ ಪಾವು ನಾಳೆಯಿಂದ ಬೇಡ ಎಂದೆ. “ಯಾಕಮ್ಮ, ನೀರು ಹಾಕ್ತೀನಿ ಅಂತ ಯಾರಾದ್ರೂ ಹೇಳಿದ್ರಾ” ಎಂದು ಸಿಟ್ಟಾದ. ನೀರು ಹಾಕುವ ವಿಷಯ ನನಗೆ ಗೊತ್ತೇ ಇರಲಿಲ್ಲ. ಈಗ ಗೊತ್ತಾಯಿತು.

೧೧ ಮಾರ್ಚ್, ಶುಕ್ರವಾರ. ತೀರ್ಥಹಳ್ಳಿ

ನಿನ್ನೆ ರಾತ್ರಿ ಇಲ್ಲೇ ಗೋಪಾಲಪ್ಪನ ಮನೆಯಲ್ಲಿ ಉಳಿಯಬೇಕಾಯಿತು, ಅವನು ತುಂಬಿದ್ದನ್ನೆಲ್ಲ ತೆಗೆದು ಹಾಕುವುದರೊಳಗೆ ಕಡೆಯ ಬಸ್ಸು ಹೋಗಿತ್ತು. ಅವನ ಹೆಂಡತಿ ಜಲಜಮ್ಮ ಅಡುಗೆಗೆ ಉಪ್ಪು ಹಾಕುವುದಿಲ್ಲ. ಹಾಸಿಗೆಯಲ್ಲಿ ತಿಗಣೆ ಇರಬಹುದು ಎಂದುಕೊಂಡು ಮಲಗಿದೆ. ಇದ್ದವೋ ಇಲ್ಲವೋ ನೋಡಲಿಲ್ಲ.

೧೬ ಮಾರ್ಚ್, ಬುಧವಾರ. ಸಾಗರ

ನಿನ್ನೆ ಸಭೆ ಆಯಿತು. ಯಂತ್ರಗಳು ಇರುತ್ತವೆ. ಮೂರೂ ಕಡೆಯ ಪ್ರಿಂಟರಿನಿಂದ ಒಂದೊಂದು ಪುಟ ತಂದು ಅಧ್ಯಕ್ಷರ ಮುಂದಿಟ್ಟರಂತೆ. ಕನ್ನಪ್ಪನ ಪುಟದ ತುಂಬ ಕನ್ನಪ್ಪನ ಹೆಸರೇ ಇತ್ತಂತೆ. ಮುಂದಿನ ತಿಂಗಳು ಟೇಪ್ ಡ್ರೈವಿನ ಸೆಟ್ಟಿಂಗುಗಳನ್ನೂ ನಾನೇ ಬರೆಯಬೇಕಂತೆ. ಇವರು ಹದಿನೈದನೇ ತಾರೀಖಿನ ಮಾತೆತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಇವತ್ತು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಮನೆಯಲ್ಲಿ ಒಬ್ಬರೂ ಎಬ್ಬಿಸಲಿಲ್ಲ. ಆಫೀಸಿಗೆ ಹೊತ್ತಾಗಿದೆ, ನೀರು ಕಾಯಿಸಿಲ್ಲ, ಪಾಪು ಅತ್ತೆಯ ಮಡಿಲಲ್ಲಿ ಕೂತು ನನ್ನ ಪುಸ್ತಕದ ಮೂಲೆ ಕಡಿಯುತ್ತಿದ್ದ.

“ರಾತ್ರಿ ಇವನು ಎದ್ದಿದ್ನಾ ಅತ್ತೆ?”

“ಎದ್ದಿದ್ದ. ಕೂಗ್ದ. ನೀನೇ ಎದ್ದು ಹಾಲು ಕೊಟ್ಟು ಮಲಗ್ಸಿದೆಯಲ್ಲ.”

ನನಗೆ ನೆನಪೇ ಇಲ್ಲ. ಮುದುಕಿ ಸುಳ್ಳು ಹೇಳುತ್ತಿರಬಹುದು.